ಕಣ, ಕಡತ, ಕವಡೆ: ಹೊಸದುರ್ಗ ಸೀಮೆಯ ಮನೆಗಳಲ್ಲಿ ಲೆಕ್ಕ ಮತ್ತು ವಿಜ್ಞಾನದ ಕಲಿಕೆ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ ತಾಲ್ಲೂಕುಗಳು ವೇದಾವತಿಯ ಕಣಿವೆಯಲ್ಲೂ ಅದರ ಆಸುಪಾಸಿನ ಬಯಲಿನಲ್ಲೂ ಹರಡಿಕೊಂಡಿದ್ದು, ಮುಂಗಾರು ಕೈಕೊಟ್ಟರೆ ಹಿಂಗಾರನ್ನು, ಹಿಂಗಾರೂ ಕೈಕೊಟ್ಟರೆ ಕೆರೆಯ ತಳದ ನೀರನ್ನು ನೆಚ್ಚಿ ಬದುಕಿದ ಒಣಸೀಮೆಗೆ ಸೇರಿದವು. ಇಂಥ ಸೀಮೆಯಲ್ಲಿ ನೀರಿನ ಸೆಲೆಯೊಂದು ಪೂಜೆಗೆ ಪಾತ್ರವಾದುದು ಸಹಜವೇ ಆಗಿದೆ. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಗಂಗೆಯ ಕೊಳದ ಮುಂದೆ ಹರಕೆ ಹೊತ್ತು ನಿಲ್ಲುವ ಕುಟುಂಬಗಳು ನೀರಿನಿಂದ ಮೇಲೆದ್ದು ಬರುವ ವಸ್ತುವನ್ನು ಪ್ರಸಾದವೆಂದು ಸ್ವೀಕರಿಸುವ ಪದ್ಧತಿ ಇಂದಿಗೂ ನಡೆದುಬಂದಿದೆ. ಆದರೆ ನೀರಿಗೆ ಕೈಮುಗಿದ ಅದೇ ಜನ ನೀರನ್ನೂ ಧಾನ್ಯವನ್ನೂ ದಿನಗಳನ್ನೂ ಎಣಿಸಿ ಅಳೆದು ಬಾಳಿದವರೂ ಹೌದು, ಮತ್ತು ಆ ಎಣಿಕೆ ಅಳತೆಗಳನ್ನು ಮಕ್ಕಳಿಗೆ ದಾಟಿಸಿದ ಮೊದಲ ಜಾಗ ಶಾಲೆಯಾಗಿರದೆ ಮನೆಯೂ ಕಣವೂ ಹೊಲವೂ ಆಗಿದ್ದವು. ಮಕ್ಕಳ ವಿಜ್ಞಾನ ಮತ್ತು ಗಣಿತದ ಕಲಿಕೆಯಲ್ಲಿ ಮನೆಯವರು ಪಾಲುಗೊಳ್ಳಬೇಕೆಂಬ ಮಾತನ್ನು ಇಂದು ಹೊಸ ಸಲಹೆಯಂತೆ ಆಡಲಾಗುತ್ತಿದೆಯಾದರೂ, ಈ ಸೀಮೆಯ ಮಟ್ಟಿಗೆ ಅದು ಕಡಿದುಹೋದ ಪದ್ಧತಿಯೊಂದನ್ನು ಮತ್ತೆ ಕೂಡಿಸುವ ಕೆಲಸವಾಗಿದೆ.

ರಾಗಿ, ನವಣೆ, ಸಜ್ಜೆಗಳ ಒಕ್ಕಣೆ ಮುಗಿದ ಮೇಲೆ ಕಣದಲ್ಲಿ ರಾಶಿಯನ್ನು ಕೊಳಗದಿಂದ ಅಳೆಯುವುದು ವರ್ಷದ ಬಹುದೊಡ್ಡ ಲೆಕ್ಕದ ಕೆಲಸವಾಗಿತ್ತು. ನಾಲ್ಕು ಪಾವು ಸೇರಿದರೆ ಒಂದು ಸೇರು, ಇಪ್ಪತ್ತು ಕೊಳಗ ಸೇರಿದರೆ ಒಂದು ಖಂಡುಗ ಎಂಬುದು ಎಲ್ಲರಿಗೂ ತಿಳಿದಿದ್ದ ಲೆಕ್ಕ. ಕೊಳಗಕ್ಕೆ ಎಷ್ಟು ಸೇರು ಎಂಬುದು ಮಾತ್ರ ಸೀಮೆಯಿಂದ ಸೀಮೆಗೆ ಬದಲಾಗುತ್ತಿದ್ದುದರಿಂದ, ಬೇರೆ ಊರಿನ ಸಂತೆಗೆ ಹೋಗುವವರು ಮೊದಲು ಅಲ್ಲಿನ ಕೊಳಗವನ್ನು ತಮ್ಮ ಕೊಳಗಕ್ಕೆ ಹೊಂದಿಸಿಕೊಳ್ಳಬೇಕಾಗುತ್ತಿತ್ತು. ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಕೂಗಿ ಮುಂದುವರಿಯುವ ಎಣಿಕೆಯಲ್ಲಿ ಅಳೆಯುವವನ ಬಾಯಿಯೂ ಬದಿಯಲ್ಲಿ ಗುರುತಿಗೆ ಕಲ್ಲೋ ಕಾಳೋ ಇಡುತ್ತ ಕೂತವರ ಕೈಯೂ ತಾಳೆಯಾಗಬೇಕಿತ್ತು, ಮತ್ತು ಗುರುತಿಡುವ ಕೆಲಸ ಮಕ್ಕಳ ಪಾಲಿಗೂ ಬರುತ್ತಿತ್ತು. ಅಳೆದ ರಾಗಿಯನ್ನು ನೆಲದೊಳಗೆ ತೋಡಿದ ಹಗೇವಿಗೆ ತುಂಬುವಾಗ, ಬಾಯಿ ಕಿರಿದಾಗಿ ಒಡಲು ಅಗಲವಾದ ಆ ಗುಂಡಿಗೆ ಎಷ್ಟು ಖಂಡುಗ ಹಿಡಿಯುತ್ತದೆಂಬ ಅಂದಾಜು ಇಂದಿನ ಪಠ್ಯದಲ್ಲಿ ಘನಫಲ ಎನ್ನಿಸಿಕೊಂಡಿರುವ ಸಂಗತಿಯೇ ಆಗಿದೆ. ಖಂಡುಗವು ಧಾನ್ಯದ ಅಳತೆಯಷ್ಟೇ ಆಗಿರದೆ, ಅಷ್ಟು ಬೀಜ ಹಿಡಿಯುವ ಹೊಲದ ಅಳತೆಯೂ ಆಗಿತ್ತು. ಹೀಗೆ ಬೀಜ, ನೆಲ, ಫಸಲು ಮೂರನ್ನೂ ಒಂದೇ ಮಾನದಲ್ಲಿ ಹಿಡಿದ ಕಾರಣ ಬಿತ್ತಿದ್ದಕ್ಕೆ ಬೆಳೆದದ್ದು ಎಷ್ಟು ಪಟ್ಟು ಎಂಬ ಅನುಪಾತದ ಲೆಕ್ಕ ಓದುಬರಹವಿಲ್ಲದ ಮನೆಯಲ್ಲೂ ಬಾಯಿಮಾತಿನಲ್ಲಿ ನಡೆಯುತ್ತಿತ್ತು. ಕೂರಿಗೆಯಲ್ಲಿ ರಾಗಿ ಬಿತ್ತುವಾಗ ಇಂತಿಷ್ಟು ಸಾಲಿಗೊಮ್ಮೆ ಅವರೆ, ತೊಗರಿಗಳ ಅಕ್ಕಡಿ ಸಾಲು ಬಿಡುವ ಪದ್ಧತಿಯಲ್ಲಿಯೂ, ಅಂದರೆ ಮುಖ್ಯ ಬೆಳೆಯ ನಡುವೆ ಲೆಕ್ಕಹಿಡಿದು ಬೇರೆ ಬೆಳೆಯ ಸಾಲು ಹಾಕುವುದರಲ್ಲಿಯೂ, ಅಂಥದೇ ಎಣಿಕೆ ಅಡಗಿತ್ತು.

ಕಾಲದ ಅಳತೆಗೆ ಮಳೆ ನಕ್ಷತ್ರಗಳಿದ್ದವು. ಸೂರ್ಯ ಆಕಾಶದಲ್ಲಿ ಸುತ್ತಿಬರುವ ದಾರಿಯನ್ನು ಇಪ್ಪತ್ತೇಳು ನಕ್ಷತ್ರಗಳಿಗೆ ಹಂಚಿದರೆ ಒಂದೊಂದರ ಪಾಲಿಗೆ ಹದಿಮೂರೂವರೆ ದಿನ ಬರುತ್ತದೆ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಹೊರಟು ಚಿತ್ತೆ, ಸ್ವಾತಿ, ವಿಶಾಖೆಯವರೆಗೆ ರೈತರು ಹೆಸರಿಸುವ ಮಳೆಗಳು ಈ ಸೌರಗಣನೆಯನ್ನೇ ಆಧರಿಸಿವೆ. ಚಂದ್ರನ ತಿಥಿಯನ್ನು ಹಿಡಿದ ಹಬ್ಬಗಳು ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಸರಿಯುತ್ತವೆ, ಸೂರ್ಯನನ್ನು ಹಿಡಿದ ಮಳೆ ನಕ್ಷತ್ರಗಳಾದರೋ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತವೆ. ಬಿತ್ತನೆಗೆ ಬೇಕಾದುದು ಈ ಎರಡನೆಯ ಬಗೆಯ ಕಾಲಮಾನ ಎಂಬ ಸೂಕ್ಷ್ಮವನ್ನು ಒಕ್ಕಲುತನದ ಅನುಭವ ಕಂಡುಕೊಂಡಿತ್ತು. ಯಾವ ಮಳೆಗೆ ಯಾವ ಬೀಜ, ಯಾವ ಮಳೆ ತಪ್ಪಿದರೆ ಯಾವ ಬೆಳೆಗೆ ಬದಲಾಗಬೇಕು ಎಂಬುದನ್ನು ಪ್ರಾಸ ಕೂಡಿಸಿದ ಗಾದೆಗಳಲ್ಲಿ ಕಟ್ಟಿಟ್ಟಿದ್ದರಿಂದ ಅವು ಮಕ್ಕಳ ನಾಲಗೆಯ ಮೇಲೂ ನಿಲ್ಲುತ್ತಿದ್ದವು. ಅವುಗಳಲ್ಲಿ ಎಲ್ಲವೂ ಪರೀಕ್ಷೆಗೆ ನಿಲ್ಲುವ ಸತ್ಯಗಳಲ್ಲವಾದರೂ, ಆಕಾಶವನ್ನು ನೋಡಿ, ನೆನಪಿಟ್ಟು, ಹಿಂದಿನ ವರ್ಷಕ್ಕೆ ಹೋಲಿಸುವ ಅಭ್ಯಾಸವನ್ನು ಅವು ಬೆಳೆಸಿದವು.

ಕನ್ನಡ ನಾಡಿನ ಪಂಡಿತ ಗಣಿತವೂ ಮನೆಯ ಲೆಕ್ಕದಿಂದ ದೂರ ನಿಂತಿರಲಿಲ್ಲ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ, ಗಣಿತ ಬೇಕಾಗುವ ವಿದ್ಯೆಗಳನ್ನು ಹೆಸರಿಸುವಾಗ ಸಂಗೀತ, ವೈದ್ಯ, ವಾಸ್ತುಗಳ ಸಾಲಿನಲ್ಲಿ ಅಡುಗೆಯ ಶಾಸ್ತ್ರವನ್ನೂ ಸೇರಿಸಿದ್ದಾನೆ. ಕನ್ನಡದಲ್ಲಿ ಗಣಿತವನ್ನು ಬರೆದವರಲ್ಲಿ ಮೊದಲಿಗನೆಂದು ಹೆಸರಾದ 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮುಂತಾದ ಕೃತಿಗಳನ್ನು ರಚಿಸಿದ್ದು, ಇವುಗಳಲ್ಲಿ ಮೊದಲನೆಯದು ಕೊಳ್ಳುವ ಮಾರುವ ಲೆಕ್ಕವನ್ನೂ ಎರಡನೆಯದು ನೆಲದ ಆಕಾರ ಮತ್ತು ವಿಸ್ತೀರ್ಣದ ಲೆಕ್ಕವನ್ನೂ ಕುರಿತವಾಗಿವೆ. ಅಡುಗೆಮನೆಗೂ ಸಂತೆಗೂ ಹೊಲಕ್ಕೂ ಗಣಿತ ಸೇರಿದ್ದೆಂಬ ಈ ತಿಳಿವಳಿಕೆ ಇಲ್ಲಿ ಸಾವಿರ ವರ್ಷಕ್ಕೂ ಹಳೆಯದೆಂಬುದನ್ನು ಮರೆಯಬಾರದು.

ಮನೆಯಿಂದ ಹೊರಟ ಲೆಕ್ಕಕ್ಕೆ ಬರಹದ ರೂಪ ಸಿಗುತ್ತಿದ್ದುದು ಕೂಲಿಮಠಗಳಲ್ಲಿ. ಮಕ್ಕಳ ಮನೆಯವರು ಕೊಡುವ ಧಾನ್ಯವನ್ನೋ ಚಿಲ್ಲರೆ ಹಣವನ್ನೋ ಕೂಲಿಯಾಗಿ ಪಡೆದು ಒಬ್ಬ ಅಯ್ಯನವರು ಜಗಲಿಯಲ್ಲೋ ಗುಡಿಯ ಪಡಸಾಲೆಯಲ್ಲೋ ನಡೆಸುತ್ತಿದ್ದ ಶಾಲೆಗೆ ಈ ಹೆಸರಿತ್ತು. ದುರ್ಗದ ಸೀಮೆಗೆ ಉತ್ತರದಲ್ಲಿ ತಾಗಿಕೊಂಡಿರುವ ಬಳ್ಳಾರಿ ಜಿಲ್ಲೆಯ ಇಂಥ ಶಾಲೆಗಳನ್ನು ಕುರಿತು ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ಮದರಾಸು ಸರ್ಕಾರಕ್ಕೆ ಸಲ್ಲಿಸಿದ ವರದಿ ಈ ವಿಷಯದಲ್ಲಿ ಅಮೂಲ್ಯವಾದ ದಾಖಲೆಯಾಗಿದೆ. ಆ ಜಿಲ್ಲೆಯಲ್ಲಿ ಆಗ 533 ಶಾಲೆಗಳಿದ್ದು 6,641 ಮಕ್ಕಳು ಕಲಿಯುತ್ತಿದ್ದರು. ಮಗು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಆಮೇಲೆ ಕಡತದ ಮೇಲೆ ಬಳಪದಿಂದ ಬರೆಯುತ್ತಿತ್ತು. ಕಡತವೆಂದರೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ ಮಡಿಸಿಟ್ಟ ಬಟ್ಟೆ, ಅಳಿಸಿ ಮತ್ತೆ ಮತ್ತೆ ಬರೆಯಲು ಬರುವಂಥದು. ಮುಂದುವರಿದ ಹುಡುಗರು ಹಿಂದುಳಿದವರಿಗೆ ಕಲಿಸುವ ಪದ್ಧತಿಯನ್ನು ಕ್ಯಾಂಬೆಲ್ ಮೆಚ್ಚಿ, ಇಂಗ್ಲೆಂಡಿನಲ್ಲಿ ಅದನ್ನು ಅನುಸರಿಸಿದ್ದು ಯೋಗ್ಯವೇ ಆಗಿದೆ ಎಂಬ ಅರ್ಥದ ಮಾತನ್ನೂ ಬರೆದಿದ್ದಾನೆ. ಮಗ್ಗಿಯ ಬಾಯಿಪಾಠ ಅಲ್ಲಿನ ದಿನಚರಿಯ ದೊಡ್ಡ ಭಾಗವಾಗಿದ್ದು, ಪೂರ್ಣಸಂಖ್ಯೆಗಳ ಜೊತೆಗೆ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಗಳನ್ನೂ ಕಲಿಸುವುದು ಕನ್ನಡ ಮಠಗಳ ರೂಢಿಯಾಗಿತ್ತು. ಪಾವು, ಸೇರು, ಆಣೆ, ರೂಪಾಯಿಗಳು ನಾಲ್ಕು ಹದಿನಾರುಗಳಲ್ಲಿ ಒಡೆಯುತ್ತಿದ್ದ ಕಾಲದಲ್ಲಿ ಮಠದಲ್ಲಿ ಕೂಗಿದ ಭಿನ್ನರಾಶಿಯ ಮಗ್ಗಿ ಅದೇ ಸಂಜೆ ಮನೆಯಲ್ಲಿ ಬಳಕೆಗೆ ಬರುತ್ತಿತ್ತು.

ಆದರೂ ಈ ಪದ್ಧತಿಯನ್ನು ಹೊಗಳಿ ಮುಗಿಸುವಂತಿಲ್ಲ. ಕೂಲಿಮಠದ ಜಗಲಿ ಎಲ್ಲ ಜಾತಿಯ ಮಕ್ಕಳಿಗೆ ತೆರೆದಿರಲಿಲ್ಲ, ಹೆಣ್ಣುಮಕ್ಕಳಿಗಂತೂ ಬಹುಮಟ್ಟಿಗೆ ಮುಚ್ಚಿಯೇ ಇತ್ತು. ಅರ್ಥವಾಗದ ಬಾಯಿಪಾಠವನ್ನು ಕ್ಯಾಂಬೆಲ್ ಕೂಡ ದೂರಿದ್ದಾನೆ, ಮತ್ತು ಬಡತನ ಹೆಚ್ಚಿದಂತೆ ತಂದೆತಾಯಿಗಳು ಎಳೆಯ ಮಕ್ಕಳನ್ನೂ ಕೆಲಸಕ್ಕೆ ಹಚ್ಚಬೇಕಾಗಿ ಬಂದು ಶಾಲೆಗಳು ಕ್ಷೀಣಿಸುತ್ತಿರುವುದನ್ನು ನೋವಿನಿಂದಲೇ ದಾಖಲಿಸಿದ್ದಾನೆ. ಕಣದಲ್ಲಿ ಗುರುತಿಡುತ್ತ ಕಲಿತ ಮಗುವಿಗೂ ಕೂಲಿಗೆ ಹೋಗಿ ಕಲಿಕೆಯನ್ನೇ ಕಳೆದುಕೊಂಡ ಮಗುವಿಗೂ ನಡುವೆ ಇದ್ದ ಗೆರೆ ತೀರ ತೆಳುವಾಗಿತ್ತು.

ಬರಹದಿಂದ ಹೊರಗುಳಿದ ಹೆಣ್ಣುಮಕ್ಕಳ ಗಣಿತ ಅಂಗಳದಲ್ಲಿಯೂ ಆಟದ ಮನೆಗಳಲ್ಲಿಯೂ ಬೆಳೆಯಿತು, ಮತ್ತು ಇದನ್ನು ಗಣಿತವೆಂದು ಗುರುತಿಸದೆ ಹೋದುದು ನಮ್ಮ ಶಿಕ್ಷಣ ಚರಿತ್ರೆಯ ದೊಡ್ಡ ಕೊರತೆಯಾಗಿದೆ. ಚುಕ್ಕಿ ರಂಗೋಲಿಯಲ್ಲಿ ಏಳರಿಂದ ನಾಲ್ಕಕ್ಕೆ ಸಂದು ಚುಕ್ಕಿ ಇಡುವುದೆಂದರೆ, ನಡುವಿನ ಸಾಲಿನಲ್ಲಿ ಏಳು ಚುಕ್ಕಿಗಳನ್ನಿಟ್ಟು, ಮೇಲೂ ಕೆಳಗೂ ಒಂದೊಂದು ಸಾಲಿಗೆ ಒಂದೊಂದು ಚುಕ್ಕಿ ಕಡಿಮೆ ಮಾಡುತ್ತ, ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಸರಿಯಾಗಿ ಮುಂದಿನದನ್ನು ಕೂರಿಸುತ್ತ ನಾಲ್ಕಕ್ಕೆ ನಿಲ್ಲಿಸುವುದು. ಆಗ ನಾಲ್ಕು, ಐದು, ಆರು, ಏಳು, ಆರು, ಐದು, ನಾಲ್ಕು ಕೂಡಿ 37 ಚುಕ್ಕಿಗಳ ಷಡ್ಭುಜ, ಅಂದರೆ ಆರು ಬದಿಯ ಆಕೃತಿ, ನೆಲದ ಮೇಲೆ ಮೂಡುತ್ತದೆ. ಒಂದು ಚುಕ್ಕಿ ತಪ್ಪಿದರೂ ಎಳೆ ಕೂಡುವುದಿಲ್ಲವಾದ್ದರಿಂದ ತಾಯಿಯ ಪಕ್ಕದಲ್ಲಿ ಕೂತು ಚುಕ್ಕಿ ಇಡುವ ಹುಡುಗಿಗೆ ತಪ್ಪನ್ನು ಬೇರೆಯವರು ತೋರಿಸಬೇಕಾಗಿರಲಿಲ್ಲ.

ಚೌಕಾಬಾರದ ಆಟ ಇನ್ನೂ ಸ್ವಾರಸ್ಯವಾದುದು. ಐದಕ್ಕೆ ಐದು ಮನೆಗಳ ಚೌಕದ ಮೇಲೆ ಕಾಯಿ ನಡೆಸಲು ನಾಲ್ಕು ಕವಡೆಗಳನ್ನೋ ತೇಯ್ದ ಹುಣಸೆಬೀಜಗಳನ್ನೋ ಎಸೆಯುತ್ತಾರೆ. ತೆರೆದು ಬಿದ್ದವು ಎಷ್ಟೋ ಅಷ್ಟು ಮನೆ, ನಾಲ್ಕೂ ತೆರೆದರೆ ಚೌಕ, ನಾಲ್ಕೂ ಮುಚ್ಚಿದರೆ ಬಾರ, ಅಂದರೆ ಎಂಟು. ಪ್ರತಿಯೊಂದು ಕವಡೆಯೂ ಎರಡರಲ್ಲಿ ಒಂದು ಬಗೆಯಲ್ಲಿ ಬೀಳುವುದರಿಂದ ನಾಲ್ಕು ಕವಡೆಗಳು ಒಟ್ಟು ಹದಿನಾರು ಬಗೆಯಲ್ಲಿ ಬೀಳಬಲ್ಲವು. ಅವುಗಳಲ್ಲಿ ಎರಡು ತೆರೆಯುವ ಬಗೆಗಳು ಆರು, ಒಂದು ಅಥವಾ ಮೂರು ತೆರೆಯುವವು ನಾಲ್ಕು ನಾಲ್ಕು, ಚೌಕಕ್ಕೂ ಬಾರಕ್ಕೂ ಇರುವುದು ಒಂದೊಂದೇ ಬಗೆ. ಅಪರೂಪಕ್ಕೆ ಬೀಳುವ ಈ ಎರಡಕ್ಕೆ ಮತ್ತೊಂದು ಎಸೆತದ ಬಹುಮಾನ ಕೊಟ್ಟ ಆಟದ ನಿಯಮದಲ್ಲಿ ಸಂಭವನೀಯತೆಯ, ಅಂದರೆ ಒಂದು ಘಟನೆ ನಡೆಯುವ ಸಾಧ್ಯತೆಯನ್ನು ಅಳೆಯುವ ಗಣಿತದ, ತಿಳಿವು ಕಾಣುತ್ತದೆ. ಕವಡೆಯ ಎರಡು ಬದಿಗಳು ಸಮವಲ್ಲದ ಕಾರಣ ನಿಜವಾದ ಎಸೆತಗಳು ಈ ಲೆಕ್ಕದಿಂದ ಸ್ವಲ್ಪ ಸರಿಯುತ್ತವೆ, ಮತ್ತು ಎಷ್ಟು ಸರಿಯುತ್ತವೆಂಬುದನ್ನು ನೂರು ಸಲ ಎಸೆದು ಬರೆದಿಟ್ಟು ನೋಡುವುದು ಯಾವ ಮನೆಯಲ್ಲಾದರೂ ಮಾಡಬಹುದಾದ ನೈಜ ಪ್ರಯೋಗವಾಗಿದೆ. ಏಳೇಳು ಗುಳಿಗಳ ಎರಡು ಸಾಲಿನ ಅಳಗುಳಿಮಣೆಯಲ್ಲಿ ಬೀಜ ಹಂಚುತ್ತ ಕೊನೆಯ ಬೀಜ ಎಲ್ಲಿ ಬೀಳುತ್ತದೆಂದು ಮುಂದಾಗಿ ಕಾಣುವ ಅಜ್ಜಿಯಂದಿರು ಭಾಗಾಕಾರದ ಶೇಷವನ್ನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದವರು.

ಲೆಕ್ಕದ ಒಗಟುಗಳೂ ಇದೇ ವರ್ಗಕ್ಕೆ ಸೇರಿದವು. ಹಾರುವ ಹಕ್ಕಿಗಳ ಹಿಂಡೊಂದು ತಾವಿರುವಷ್ಟೇ ಇನ್ನೊಂದಷ್ಟು, ತಮ್ಮ ಅರೆಯಷ್ಟು, ಕಾಲಿನಷ್ಟು ಸೇರಿ, ಕೇಳಿದವನೂ ಕೂಡಿದರೆ ನೂರಾಗುತ್ತದೆ ಎನ್ನುವ ಒಗಟು ಹಲವು ಸೀಮೆಗಳಲ್ಲಿ ಹಲವು ರೂಪದಲ್ಲಿ ಬಳಕೆಯಲ್ಲಿದೆ. ಕೇಳಿದವನನ್ನು ಬಿಟ್ಟರೆ ಉಳಿದ 99ರಲ್ಲಿ ಹಿಂಡಿನ ಕಾಲುಭಾಗಗಳು ನಾಲ್ಕು, ನಾಲ್ಕು, ಎರಡು, ಒಂದರಂತೆ ಹನ್ನೊಂದು ಇರುವುದರಿಂದ ಒಂದು ಕಾಲುಭಾಗ ಒಂಬತ್ತಾಗಿ, ಹಿಂಡಿನಲ್ಲಿ 36 ಹಕ್ಕಿಗಳೆಂದು ತಿಳಿಯುತ್ತದೆ. ಬೀಜಗಣಿತವು ಅಕ್ಷರವನ್ನಿಟ್ಟು ಮಾಡುವ ಈ ಕೆಲಸವನ್ನು ಕಾಲಿನ ಮಗ್ಗಿ ಬಲ್ಲ ಮಗು ಅಕ್ಷರದ ನೆರವಿಲ್ಲದೆ ಮಾಡಬಲ್ಲುದಾಗಿತ್ತು.

19ನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆ ಬಿ. ಎಲ್. ರೈಸ್ ರೂಪಿಸಿದ ಹೋಬಳಿ ಶಾಲೆಗಳ ಯೋಜನೆಯ ಮೂಲಕ ಹಳ್ಳಿಗಳನ್ನು ತಲುಪತೊಡಗಿತು. 1913ರ ಪ್ರಾಥಮಿಕ ಶಿಕ್ಷಣದ ಶಾಸನ ಕಡ್ಡಾಯ ಶಿಕ್ಷಣಕ್ಕೆ ದಾರಿ ತೆರೆಯಿತು. ಕೂಲಿಮಠ ಹೊರಗಿಟ್ಟಿದ್ದ ಮಕ್ಕಳಿಗೆ ಈ ಶಾಲೆಗಳು ಬಾಗಿಲು ತೆರೆದುದು ಎಷ್ಟು ಸ್ಮರಿಸಿದರೂ ಸಾಲದ ಉಪಕಾರ. ಮನೆಯ ಲೆಕ್ಕಕ್ಕೂ ಶಾಲೆಯ ಲೆಕ್ಕಕ್ಕೂ ನಿಜವಾದ ಬಿರುಕು ಬಿದ್ದುದು ಇದಾದ ಬಹಳ ಕಾಲದ ಮೇಲೆ, ಅಳತೆಗಳು ಬದಲಾದಾಗ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆಯ ದಶಮಾನ ನಾಣ್ಯ ಬಂದಿತು. ನಾಲ್ಕಾಣೆ 25 ನಯಾಪೈಸೆಗೆ ಸರಿಯಾಗಿ ಹೊಂದಿತಾದರೂ ಒಂದಾಣೆಗೆ ಆರೂಕಾಲು ಬರುವುದರಿಂದ, ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂಬ ಪರಿವರ್ತನೆಯ ಕೋಷ್ಟಕವನ್ನು ನೋಡಿ ವ್ಯವಹರಿಸಬೇಕಾಯಿತು. 1956ರ ತೂಕ ಮತ್ತು ಅಳತೆಗಳ ಕಾಯಿದೆಯಂತೆ 1958ರಿಂದ ಹಂತಹಂತವಾಗಿ ಕಿಲೋಗ್ರಾಂ, ಲೀಟರ್, ಮೀಟರ್‌ಗಳು ಜಾರಿಗೆ ಬಂದವು. ದೇಶಕ್ಕೆಲ್ಲ ಒಂದೇ ಅಳತೆ ಬೇಕಾಗಿತ್ತು, ಊರೂರಿಗೆ ಬದಲಾಗುವ ಕೊಳಗದಿಂದ ಬಡ ರೈತ ಮೋಸಹೋಗುವುದೂ ತಪ್ಪಬೇಕಾಗಿತ್ತು. ಆದ್ದರಿಂದ ಈ ಸುಧಾರಣೆಯನ್ನು ಆಕ್ಷೇಪಿಸುವಂತಿಲ್ಲ. ಆದರೆ ಪಾವು, ಸೇರು, ಗೇಣು, ಮೊಳಗಳಲ್ಲಿ ನಿಪುಣರಾಗಿದ್ದ ಅಜ್ಜ ಅಜ್ಜಿಯರ ತಿಳಿವು ಮೊಮ್ಮಕ್ಕಳ ಪುಸ್ತಕದ ಭಾಷೆಗೆ ಹೊಂದದೆ ಹೋಗಿ, ಲೆಕ್ಕ ತಮಗೆ ಬಾರದ ವಿದ್ಯೆ ಎಂಬ ಹಿಂಜರಿಕೆ ಮನೆಯೊಳಗೆ ನೆಲೆಸಿತು. ಹಳೆಯ ಅಳತೆ ಹೋದುದಕ್ಕಿಂತ ದೊಡ್ಡ ನಷ್ಟವಿದ್ದುದು ಈ ಹಿಂಜರಿಕೆಯಲ್ಲಿ.

ಹೊಸ ಅಳತೆಗಳನ್ನು ಜನ ತಮ್ಮದಾಗಿಸಿಕೊಳ್ಳಲಾರರೆಂದು ಇದರಿಂದ ಭಾವಿಸಬೇಕಾಗಿಲ್ಲವೆಂಬುದಕ್ಕೆ ಹಿರಿಯೂರಿನ ಮಾರಿಕಣಿವೆಯೇ ಸಾಕ್ಷಿ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕಟ್ಟಲು ಆರಂಭಿಸಿ 1907ರಲ್ಲಿ ಮುಗಿಸಿದ, ರಾಜಪ್ರತಿನಿಧಿಯಾಗಿದ್ದ ವಾಣಿವಿಲಾಸ ಸನ್ನಿಧಾನದವರ ಹೆಸರು ಹೊತ್ತ ಈ ಜಲಾಶಯದ ಹಿನ್ನೀರು ಹೊಸದುರ್ಗ ತಾಲ್ಲೂಕಿನವರೆಗೆ ಚಾಚಿಕೊಂಡಿದ್ದು, 130 ಅಡಿ ಮುಟ್ಟಿದರೆ ಅದು ತುಂಬಿದಂತೆ. 1933ರಲ್ಲಿ ಕೋಡಿಬಿದ್ದ ಮೇಲೆ ಅದು ಮತ್ತೆ ಕೋಡಿಬಿದ್ದುದು 2022ರಲ್ಲಿ. ಈ ಎಂಬತ್ತೊಂಬತ್ತು ವರ್ಷಗಳುದ್ದಕ್ಕೂ ಇಂದು ಎಷ್ಟಡಿ ನೀರಿದೆ ಎಂಬ ಪ್ರಶ್ನೆ ಹಿರಿಯೂರು ಸೀಮೆಯ ಮನೆಮಾತಾಗಿದ್ದು, ಅಡಿಯ ಲೆಕ್ಕ ಯಾರೂ ಕಲಿಸದೆ ಎಲ್ಲರಿಗೂ ಬಂದಿತು. ಸುಮಾರು 30 ಟಿಎಂಸಿ ಅಡಿ ನೀರು ಹಿಡಿಯುವ ಜಲಾಶಯವಿದು. ಒಂದು ಟಿಎಂಸಿ ಅಡಿಯೆಂದರೆ ನೂರು ಕೋಟಿ ಘನ ಅಡಿ. ಕಣಿವೆ ಮೇಲೆ ಹೋದಂತೆ ಅಗಲವಾಗುವುದರಿಂದ ತಳದ ಒಂದು ಅಡಿಗಿಂತ ಮೇಲಿನ ಒಂದು ಅಡಿಯಲ್ಲಿ ಹಲವು ಪಟ್ಟು ನೀರು ನಿಲ್ಲುತ್ತದೆಂಬುದು, ಹಗೇವಿನ ಒಡಲನ್ನು ಬಲ್ಲ ಒಕ್ಕಲು ಮನೆಗೆ ಹೊಸ ಪಾಠವೇನಲ್ಲ.

ಆಧುನಿಕ ವಿಜ್ಞಾನವನ್ನು ಕನ್ನಡದಲ್ಲಿ ಮನೆಗಳಿಗೆ ಮುಟ್ಟಿಸುವ ಪ್ರಯತ್ನಕ್ಕೆ ನೂರು ವರ್ಷಗಳ ಚರಿತ್ರೆಯಿದೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರ ಸುಮಾರಿಗೆ ಆರಂಭಿಸಿದ ‘ವಿಜ್ಞಾನ’ ಮಾಸಪತ್ರಿಕೆ ಬಹುಕಾಲ ಬಾಳಲಿಲ್ಲವಾದರೂ ದಾರಿ ತೋರಿತು. 1930ರ ದಶಕದಲ್ಲಿ ಶಿವರಾಮ ಕಾರಂತರ ‘ಬಾಲಪ್ರಪಂಚ’ ಬಂದಿತು. ದುರ್ಗದ ಸೀಮೆಯ ಪಾಲಿನ ದೊಡ್ಡ ಹೆಸರು ಜೆ. ಆರ್. ಲಕ್ಷ್ಮಣರಾವ್ ಅವರದು. ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದು 1997ರಿಂದ ದಾವಣಗೆರೆ ಜಿಲ್ಲೆಗೆ ಸೇರಿರುವ ಜಗಳೂರಿನಲ್ಲಿ 1921ರಲ್ಲಿ ಜನಿಸಿದ ಅವರು ರಸಾಯನವಿಜ್ಞಾನದ ಅಧ್ಯಾಪಕರಾಗಿ, ಪರಮಾಣುವಿನ ಚರಿತ್ರೆಯಿಂದ ಗೆಲಿಲಿಯೋನ ಬದುಕಿನವರೆಗೆ ತಿಳಿಗನ್ನಡದಲ್ಲಿ ಬರೆದರು. 1978ರಲ್ಲಿ ಆರಂಭವಾದ ‘ಬಾಲವಿಜ್ಞಾನ’ ಮಾಸಪತ್ರಿಕೆಯ ಸಂಪಾದಕರಾಗಿಯೂ 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಕಟ್ಟಾಳುವಾಗಿಯೂ ದುಡಿದರು. ಪರಿಷತ್ತು ಹುಟ್ಟಿದ ವರ್ಷವೇ ಫೆಬ್ರವರಿ 16ರಂದು ಉತ್ತರ ಕನ್ನಡದ ಕರಾವಳಿಯಿಂದ ರಾಯಚೂರಿನವರೆಗೆ ಪೂರ್ಣ ಸೂರ್ಯಗ್ರಹಣವಾದಾಗ ಅಸಂಖ್ಯ ಮನೆಗಳು ಬಾಗಿಲು ಹಾಕಿಕೊಂಡು ಮಕ್ಕಳನ್ನು ಒಳಗೇ ಕೂರಿಸಿದ್ದವು. 2019ರ ಡಿಸೆಂಬರ್ 26ರ ಕಂಕಣ ಗ್ರಹಣವನ್ನು ಕಾಸರಗೋಡು, ಮಂಗಳೂರುಗಳಲ್ಲಿ ಮಕ್ಕಳು ತಂದೆತಾಯಿಗಳ ಜೊತೆ ಸೋಸು ಕನ್ನಡಕ ಹಿಡಿದು ನೋಡಿದರು. ಈ ನಡುವಿನ ನಾಲ್ಕು ದಶಕಗಳ ಬದಲಾವಣೆಯಲ್ಲಿ ಪರಿಷತ್ತಿನ ಪತ್ರಿಕೆ, ಉಪನ್ಯಾಸಗಳಿಗೂ, 1987ರ ಅಕ್ಟೋಬರ್ 2ರಂದು ದೇಶದ ಹಲವು ಮೂಲೆಗಳಿಂದ ಹೊರಟು ನವೆಂಬರ್ 7ರಂದು ಭೋಪಾಲದಲ್ಲಿ ಕೂಡಿದ ಭಾರತ ಜನವಿಜ್ಞಾನ ಜಾಥಾಕ್ಕೂ ಪಾಲಿದೆ. ಆದರೂ ಈ ಚಳವಳಿ ಶಾಲೆಯ ಮೂಲಕವೇ ಮಗುವನ್ನು ತಲುಪಿತು. ತಾಯಿತಂದೆಗಳನ್ನು ಅದು ತಿಳಿವಳಿಕೆ ಪಡೆಯಬೇಕಾದವರೆಂದು ಕಂಡಷ್ಟು, ತಿಳಿವಳಿಕೆ ಕೊಡಬಲ್ಲವರೆಂದು ಕಾಣಲಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಈ ಕೊರತೆ ಸ್ವಲ್ಪಮಟ್ಟಿಗೆ ತುಂಬುತ್ತಿದೆ. ಚಳ್ಳಕೆರೆಯ ಬಳಿಯ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಮತ್ತು ಗಣಿತದ ಶಿಕ್ಷಕರಿಗೆ ಪ್ರಯೋಗಗಳ ತರಬೇತಿ ದೊರೆಯುತ್ತಿದೆ. ಸರ್ಕಾರಿ ಶಾಲೆಗಳ ಮಕ್ಕಳ ಸಂತೆಯಲ್ಲಿ ಮನೆಯಿಂದ ತಂದ ಸೊಪ್ಪು, ತರಕಾರಿ, ತೆಂಗಿನಕಾಯಿಗಳನ್ನು ಮಕ್ಕಳು ತೂಗಿ ಮಾರಿ ಚಿಲ್ಲರೆ ಕೊಡುವಾಗ ಕೊಳ್ಳುವವರು ಅವರ ಮನೆಯವರೇ ಆಗಿರುತ್ತಾರೆ. ನಾಲ್ಕು, ಐದು, ಆರನೆಯ ತರಗತಿಗಳ ಮಕ್ಕಳಿಗಾಗಿ ಅಕ್ಷರ ಫೌಂಡೇಶನ್ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಡೆಸುವ ಗಣಿತ ಸ್ಪರ್ಧೆಗಳಲ್ಲಿ ತಂದೆತಾಯಿಗಳೂ ಊರಿನವರೂ ಮುಂದೆ ಕೂತು, ಯಾವ ಲೆಕ್ಕದಲ್ಲಿ ತಮ್ಮ ಮಗು ತಡವರಿಸುತ್ತದೆಂಬುದನ್ನು ಕಣ್ಣಾರೆ ಕಾಣುತ್ತಾರೆ. ಸ್ಪರ್ಧೆಯಲ್ಲಿ ಗೆದ್ದವರ ಹೆಸರಿಗಿಂತ ಈ ಕಾಣುವಿಕೆಗೆ ಹೆಚ್ಚಿನ ಬೆಲೆಯಿದೆ.

ಶಾಲೆಯ ಯಾವ ಕಾರ್ಯಕ್ರಮವೂ ತಲುಪಲಾರದ, ಮನೆಯವರೇ ಮಾಡಿಸಬೇಕಾದ ವೀಕ್ಷಣೆಯೊಂದು ಈ ಸೀಮೆಗೆ ಪ್ರತಿವರ್ಷ ಒದಗಿಬರುತ್ತದೆ. ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13.8 ಡಿಗ್ರಿಯಲ್ಲಿರುವ ಹೊಸದುರ್ಗದಲ್ಲಿ ಏಪ್ರಿಲ್ 26, 27ರ ಸುಮಾರಿಗೆ ನಡುಹಗಲಿನ ಸೂರ್ಯ ನೇರ ನೆತ್ತಿಗೆ ಬರುವುದರಿಂದ ನೆಟ್ಟಗೆ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಪಂಚಾಂಗದಲ್ಲಿ ಅಶ್ವಿನಿ ಮುಗಿದು ಭರಣಿ ಮಳೆ ಹುಟ್ಟುವುದೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಇಂಥದೇ ಎರಡನೆಯ ದಿನ ಆಗಸ್ಟ್ ನಡುಭಾಗದಲ್ಲಿ, ಮಘಾ ಮಳೆ ಹುಟ್ಟುವ ಹೊತ್ತಿಗೆ ಬರುತ್ತದಾದರೂ ಆಗ ಮೋಡ ಕವಿದಿರುವುದೇ ಹೆಚ್ಚು. ಏಪ್ರಿಲ್‌ನಲ್ಲಿ ಆಕಾಶ ತಿಳಿಯಾಗಿರುತ್ತದೆ, ಆದರೆ ಶಾಲೆಗೆ ಬೇಸಿಗೆ ರಜೆ ಬಿದ್ದು ಮಕ್ಕಳು ಮನೆಯಲ್ಲಿರುತ್ತಾರೆ. ಯುಗಾದಿ ಕಳೆದ ಮೇಲೆ ಅಂಗಳದಲ್ಲಿ ಒಂದು ಮೊಳದ ಕೋಲು ನೆಟ್ಟು, ಹನ್ನೆರಡು ಗಂಟೆಯಿಂದ ಹನ್ನೆರಡೂಮುಕ್ಕಾಲರವರೆಗೆ ನೆರಳಿನ ತುದಿಗೆ ಐದೈದು ನಿಮಿಷಕ್ಕೊಮ್ಮೆ ಸುಣ್ಣದ ಚುಕ್ಕಿಯಿಟ್ಟು, ಅತಿ ಗಿಡ್ಡ ನೆರಳನ್ನು ದಿನವೂ ಗೋಡೆಯ ಮೇಲೆ ಬರೆದುಕೊಂಡು ಬಂದರೆ, ಆ ನೆರಳು ಉತ್ತರ ದಿಕ್ಕಿನಲ್ಲಿ ಕುಗ್ಗುತ್ತ ಬಂದು, ಭರಣಿಯ ಹೊತ್ತಿಗೆ ಇಲ್ಲವಾಗಿ, ಆಮೇಲೆ ದಕ್ಷಿಣಕ್ಕೆ ಬೆಳೆಯತೊಡಗುವುದನ್ನು ಮಗುವೂ ಅಜ್ಜಿಯೂ ಒಟ್ಟಿಗೆ ಕಂಡುಕೊಳ್ಳಬಹುದು. ಇದಕ್ಕೆ ಬೇಕಾದುದು ಒಂದು ಕೋಲು, ಹಿಡಿ ಸುಣ್ಣ ಮತ್ತು ಮಧ್ಯಾಹ್ನದ ಮುಕ್ಕಾಲು ಗಂಟೆ.